ಇಪ್ಪತ್ತೊಂದು ಎಳೆತ

"ಅಪ್ಪನ ಪಟ್ಟಾ ಎಲ್ಲಿ? ಬಾಯಿ ಬಿಡ್ತೀಯೋ, ಇಲ್ಲ ಹಲ್ಲು ಉದುರಿಸಲೋ?"

"ಉದುರಿಸು. ಆಮೇಲೆ ಹಲ್ಲಿಲ್ಲದ ಬಾಯಲ್ಲಿ ಹೇಳಿದ್ದು ಅರ್ಥ ಆಗಲಿಲ್ಲ ಅಂತ ನನ್ನನ್ನೇ ಬೈಬೇಡ."

"ಕುಡುಕ ನನ್ಮಗನೇ."

"ನಲವತ್ತೊಂದು ದಿನದಿಂದ ಅಲ್ಲ ಅಣ್ಣ. ಬೈಯೋದಾದ್ರೆ ದಿನ ಎಣಿಸಿ ಬೈಯಿ."

ಕ್ಷೌರದ ಕುರ್ಚಿಯಲ್ಲಿ, ನಮ್ಮಿಬ್ಬರಿಗೂ ಪಾಠ ಹೇಳಿದ್ದ ಮೇಷ್ಟ್ರು ಕೂತಿದ್ದರು. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ತುಂಬ ಸೋಪಿನ ನೊರೆ. ಕನ್ನಡಿಯಲ್ಲಿ ಒಮ್ಮೆ ನನ್ನನ್ನೂ ಒಮ್ಮೆ ನನ್ನ ತಮ್ಮನನ್ನೂ ನೋಡುತ್ತಿದ್ದರು, ಕತ್ತು ಮಾತ್ರ ಅಲುಗಿಸಲಿಲ್ಲ. ಕುತ್ತಿಗೆಯ ಹತ್ತಿರ ಬ್ಲೇಡು ಇದ್ದಾಗ ಎಂಥ ಪಂಡಿತನಿಗೂ ವಿನಯ ಬರುತ್ತದೆ.

ನಾನು ಸಿಟ್ಟಿನ ಮನುಷ್ಯ. ಮುಚ್ಚಿಟ್ಟು ಪ್ರಯೋಜನವಿಲ್ಲ, ಬೀದಿಗೆಲ್ಲ ಗೊತ್ತು. ಆದರೆ ಅವತ್ತು ಬೆಳಿಗ್ಗೆ ಅಂಗಡಿಯ ಮೆಟ್ಟಿಲು ಹತ್ತುವಾಗ ನನ್ನಷ್ಟು ಖುಷಿಯ ಮನುಷ್ಯ ಇನ್ನೊಬ್ಬನಿರಲಿಲ್ಲ. ಬಲಭುಜ ಹಿಡಿದುಕೊಂಡು ಆರು ವಾರ ಕೈಯನ್ನು ಜೋಳಿಗೆಯಲ್ಲಿ ತೂಗುಹಾಕಿಕೊಂಡು ಮನೆಯಲ್ಲಿ ಕೂತಿದ್ದೆ. ಹಿಂದಿನ ದಿನವಷ್ಟೇ ಡಾಕ್ಟರು ಜೋಳಿಗೆ ಬಿಚ್ಚಿದ್ದರು. ಕೈ ಮೇಲೆತ್ತಿದರೆ ಏಳುತ್ತಿತ್ತು. ದಾರಿಯುದ್ದಕ್ಕೂ ಗುರುತಿಲ್ಲದವರಿಗೂ ಕೈ ಎತ್ತಿ ನಮಸ್ಕಾರ ಹೊಡೆದುಕೊಂಡೇ ಬಂದೆ.

ಆ ಆರು ವಾರ ಅಂಗಡಿ ನಡೆಸಿದವನು ತಮ್ಮ. ಎಲ್ಲರೂ ಅವನನ್ನು ಬುಗುರಿ ಎನ್ನುತ್ತಾರೆ, ನಾನೂ ಅಷ್ಟೆ. ಇಪ್ಪತ್ತು ವರ್ಷದಿಂದ ಅವನು ಕುಡಿಯದ ದಿನವಿರಲಿಲ್ಲ. ಒಂಬತ್ತಕ್ಕೆ ಅಂಗಡಿಯಲ್ಲಿ, ಹತ್ತಕ್ಕೆ ಆಚೆ ಬದಿಯ ಬ್ರಾಂದಿ ಅಂಗಡಿಯಲ್ಲಿ, ಹತ್ತೂಕಾಲಿಗೆ ವಾಪಸ್. ಕುಡಿದ ಮೇಲೆಯೇ ಅವನ ಕೈ ನಡುಗುವುದು ನಿಲ್ಲುತ್ತಿತ್ತು. ಬಲ್ಲ ಗಿರಾಕಿಗಳು ಬಾಗಿಲಲ್ಲಿ ಇಣುಕಿ, ಬುಗುರಿ ಹೋಗಿ ಬಂದನಾ ಎಂದು ಕೇಳಿಯೇ ಒಳಗೆ ಕಾಲಿಡುತ್ತಿದ್ದರು. ಇನ್ನೂ ಇಲ್ಲವೆಂದರೆ ಪೇಪರ್ ಓದುತ್ತ ಕಾಯುತ್ತಿದ್ದರು. ಅವನನ್ನು ಬಿಡಿಸಲು ನಾನು ಮಾಡದ ಉಪಾಯವಿಲ್ಲ. ಬೈದೆ, ಬಡಿದೆ, ಅಪ್ಪನ ಫೋಟೋ ಮುಟ್ಟಿಸಿ ಆಣೆ ಹಾಕಿಸಿದೆ, ಕಷಾಯ ಕಾಸಿ ಕೊಟ್ಟೆ. ಕಷಾಯವನ್ನು ಅವನು ಬ್ರಾಂದಿಗೆ ಬೆರೆಸಿಕೊಂಡು ಕುಡಿದು, ಅಣ್ಣ ಇದರಿಂದ ರುಚಿ ಸ್ವಲ್ಪ ಕೆಡುತ್ತದೆ ಎಂದು ದೂರು ಹೇಳಿದ.

ಅಂಥವನು ನಾನು ಮನೆ ಹಿಡಿದ ಮೇಲೆ ಬಿಟ್ಟ. ಮೊದಲ ವಾರ ಆಸ್ಪತ್ರೆಯ ಮಾತ್ರೆ ನುಂಗಿದ, ಬೆವರಿದ, ಅಂಗಡಿಗೆ ಬೀಗ ಹಾಕಿಕೊಂಡು ಮಲಗಿದ. ಎರಡನೇ ವಾರದಿಂದ ಕೈ ಕಲ್ಲಿನ ಹಾಗೆ ನಿಂತಿತು. ನಾನು ಹಾಕಿಸಿದ ಆಣೆಗೆ ಕೊನೆಗೂ ಬಲ ಬಂತೆಂದು ಹೆಂಡತಿಯ ಮುಂದೆ ಮೀಸೆ ತಿರುವಿದೆ. ಅವಳು, ನೀವು ಅಂಗಡಿಯಲ್ಲಿಲ್ಲದಿದ್ದದ್ದೇ ಔಷಧಿ ಇರಬೇಕು ಅಂದಳು. ಎರಡು ದಿನ ಅವಳ ಹತ್ತಿರ ಮಾತು ಬಿಟ್ಟಿದ್ದೆ.

ಇನ್ನು ಪಟ್ಟಾದ ಕಥೆ. ಪಟ್ಟಾ ಎಂದರೆ ಕ್ಷೌರದ ಕತ್ತಿ ಮಸೆಯುವ ಚರ್ಮದ ಪಟ್ಟಿ. ಒಂದೂವರೆ ಮೊಳ ಉದ್ದ, ನಾಲ್ಕು ಬೆರಳು ಅಗಲ, ಒಂದು ತುದಿಗೆ ಹಿತ್ತಾಳೆಯ ಬಳೆ. ಕನ್ನಡಿಯ ಪಕ್ಕದ ಮೊಳೆಗೆ ತೂಗುಹಾಕಿತ್ತು. ಈಗ ಯಾರೂ ಕತ್ತಿ ಮಸೆಯುವುದಿಲ್ಲ. ಒಂದು ಮುಖಕ್ಕೆ ಒಂದು ಬ್ಲೇಡು, ಕೆಲಸವಾದ ಮೇಲೆ ಬಿಸಾಡುವುದು. ಆದರೂ ಅಪ್ಪ ಸತ್ತ ಮೇಲಿನ ಹನ್ನೊಂದು ವರ್ಷವೂ ನಾನು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅವನ ಹಳೆಯ ಕತ್ತಿಯನ್ನು ಆ ಪಟ್ಟಾದ ಮೇಲೆ ಇಪ್ಪತ್ತೊಂದು ಸಲ ಎಳೆಯುತ್ತಿದ್ದೆ. ಸರ್, ಪಟ್. ಸರ್, ಪಟ್. ಅಪ್ಪ ಹಾಗೆಯೇ ಮಾಡುತ್ತಿದ್ದ. ಆ ಸದ್ದು ಕೇಳಿದರೆ ಅಂಗಡಿ ತೆರೆಯಿತೆಂದು ಬೀದಿಗೆ ಗೊತ್ತಾಗುತ್ತಿತ್ತು. ತಮ್ಮ ತಡವಾಗಿ ಬಂದರೆ ಕಾದು, ಅವನ ಎದುರಿಗೇ ನಿಂತು ಎಳೆಯುತ್ತಿದ್ದೆ. ಕುಡಿತ ಹೆಚ್ಚಾದ ದಿನಗಳಲ್ಲಿ ಇನ್ನೂ ಜೋರಾಗಿ ಎಳೆಯುತ್ತಿದ್ದೆ, ಅಪ್ಪನ ನೆನಪಾದರೂ ಆಗಿ ಬುದ್ಧಿ ಬರಲಿ ಎಂದು.

ಅವತ್ತು ಬಂದು ನೋಡಿದರೆ ಮೊಳೆ ಮಾತ್ರ ಇತ್ತು.

"ಕೊನೇ ಸಲ ಕೇಳ್ತಿದ್ದೀನಿ," ಎಂದೆ.

ತಮ್ಮ ಬ್ಲೇಡಿನ ಮೇಲಿನ ನೊರೆಯನ್ನು ಒರೆಸಿದ. "ಮೇಷ್ಟ್ರು ಕೂತಿದ್ದಾರಲ್ಲ, ಅವರ ಕೆಳಗಿದೆ."

ಮೇಷ್ಟ್ರು ಕುಂಡೆ ಎತ್ತಿ ನೋಡಿಕೊಂಡರು. ಅಲ್ಲೇನೂ ಇರಲಿಲ್ಲ. ಅವನು ಕಾಲಿನಿಂದ ಕುರ್ಚಿಯ ಕಾಲು ತೋರಿಸಿದ. ಬಗ್ಗಿದೆ. ನಾಲ್ಕು ಕಾಲಿನ ಅಡಿಯಲ್ಲಿ ನಾಲ್ಕು ಚೌಕ ಚರ್ಮದ ತುಂಡು, ಅಳತೆ ಹಿಡಿದು ಕತ್ತರಿಸಿ, ಸಣ್ಣ ಮೊಳೆ ಹೊಡೆದು ಕೂರಿಸಿದ್ದವು. ಆ ಕುರ್ಚಿ ಮೂವತ್ತು ವರ್ಷದಿಂದ ಅಲುಗಾಡುತ್ತಿತ್ತು. ಮೇಷ್ಟ್ರು ಮೆಲ್ಲಗೆ ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಅರೆ ನಿಜ, ಅದಕ್ಕೇ ಇವತ್ತು ದೋಣಿಯಲ್ಲಿ ಕೂತ ಹಾಗೆ ಆಗಲಿಲ್ಲ ಎಂದರು. ಉಳಿದ ಚರ್ಮ ಎಲ್ಲಿ ಎಂದು ನಾನು ಅರಚಿದೆ. ಒಂದು ತುಂಡು ಬಾಗಿಲು ಗೋಡೆಗೆ ಬಡಿಯದ ಹಾಗೆ ಬಡಿದಿದ್ದೇನೆ, ಇನ್ನೊಂದು ಅತ್ತಿಗೆಯ ಹೊಲಿಗೆ ಮಿಷನ್ನಿನ ಪೆಡಲಿಗೆ ಹೋಯಿತು ಎಂದ. ಅಂದರೆ ನನ್ನ ಹೆಂಡತಿಗೂ ಗೊತ್ತು.

ಕೋಪ ನೆತ್ತಿಗೇರಿತು. ಹೊರಗೆ ನಡಿ, ಇನ್ನು ಈ ಬಾಗಿಲಲ್ಲಿ ಕಾಲಿಟ್ಟರೆ ಕೇಳು ಎಂದೆ.

"ಹೋಗ್ತೀನಿ ಅಣ್ಣ. ಹೋಗೋದಕ್ಕೇ ರೆಡಿಯಾಗಿದ್ದೀನಿ. ಆದ್ರೆ ಅರ್ಧ ಮುಖ ಬಿಟ್ಟು ಹೋಗೋ ಹಾಗಿಲ್ವಲ್ಲ."

ಅದು ಅಪ್ಪನ ಕಟ್ಟಳೆ. ಒಂದು ಮುಖ ಶುರು ಮಾಡಿದವನೇ ಮುಗಿಸಬೇಕು. ನಡುವೆ ಇನ್ನೊಂದು ಕೈ ಮುಟ್ಟಬಾರದು, ಮನೆಗೆ ಬೆಂಕಿ ಬಿದ್ದರೂ ಮುಗಿಸಿಯೇ ಓಡಬೇಕು. ಬೆಂಚಿನ ಕೆಳಗೆ ನೋಡಿದೆ. ಅವನ ಬ್ಯಾಗು ಇತ್ತು, ಹೊಟ್ಟೆ ಬಿರಿಯುವಷ್ಟು ತುಂಬಿ. ಅವನು ಕೆಲಸ ಮಾಡುತ್ತಲೇ ಹೇಳಿದ. ನನ್ನ ಭುಜಕ್ಕೆಂದು ಆಸ್ಪತ್ರೆಗೆ ಜೊತೆಯಲ್ಲಿ ಬಂದಾಗ ವಾರ್ಡಿನ ನರ್ಸಮ್ಮನ ಪರಿಚಯವಾಗಿತ್ತಂತೆ. ಮಾತ್ರೆ ಕೊಡಿಸಿದವರೂ ಅವರೇ. ಅವರಿಗೆ ಗೊತ್ತಿದ್ದ ದೂರದ ಊರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿಗೆ ಮೊದಲು ರೋಗಿಗಳ ಕೂದಲು ತೆಗೆಯಲು ಜನ ಬೇಕಿತ್ತಂತೆ. ಒಂದು ತಿಂಗಳ ಹಿಂದೆಯೇ ಕರೆದಿದ್ದರು. ಅಣ್ಣನ ಕೈ ಸರಿಹೋಗಲಿ, ಅಂಗಡಿ ಮುಚ್ಚಬಾರದು ಎಂದು ಇವನು ತಡೆದಿದ್ದ. ಇವತ್ತು ಹತ್ತು ಗಂಟೆಯ ಬಸ್ಸು.

ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಇಪ್ಪತ್ತು. ಮೇಷ್ಟ್ರ ಮುಖದಲ್ಲಿ ಉಳಿದದ್ದು ಮುಕ್ಕಾಲು ಕೆನ್ನೆ.

ನನಗೆ ಸಿಟ್ಟು ಬಂದಷ್ಟು ಬೇಗ ಬುದ್ಧಿ ಬರುವುದಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಹಿರಿಯರು ಹೇಳಿದ್ದು ನನ್ನಂಥವರಿಗೇ. ಹೋಗು ಎಂದವನು ನಾನೇ. ಈಗ ಆ ಮುಕ್ಕಾಲು ಕೆನ್ನೆ ಮುಗಿಯದಿರಲಿ ಎಂದು ಒಳಗೊಳಗೇ ಬೇಡಿಕೊಂಡವನೂ ನಾನೇ. ನಮ್ಮ ಬೀದಿಯಲ್ಲೇ ಜಾರುವವನು ಕಾಣದ ಜಾಗದಲ್ಲಿ ಹೇಗೆ ನಿಲ್ಲುತ್ತಾನೆ? ಅಲ್ಲಿ ಕೈ ಹಿಡಿಯುವವರು ಯಾರು?

ಮೇಷ್ಟ್ರಿಗೆ ಅದು ತಿಳಿಯಿತೋ ಏನೋ. ಕೆನ್ನೆ ಮುಗಿದ ಕೂಡಲೇ, ಕೂದಲಿಗೆ ಎದುರಾಗಿ ಇನ್ನೊಂದು ಎಳೆತ ಆಗಲಿ ಎಂದರು. ಅದಾಯಿತು. ಕಿವಿಯ ಕೂದಲು ಎಂದರು. ಮೂಗಿನದು ಎಂದರು. ಮೂಗಿನ ಕೂದಲು ತೆಗೆಸಿಕೊಳ್ಳುವುದೆಂದರೆ ಅವರಿಗೆ ಜೀವ ಹೋಗುತ್ತಿತ್ತು. ಕಣ್ಣಲ್ಲಿ ನೀರು ಸುರಿಸಿಕೊಂಡು, ಆತುರವಿಲ್ಲ, ನಿಧಾನಕ್ಕೆ ಮಾಡು ಎಂದರು. ತಮ್ಮನ ಮುಖದಲ್ಲಿ ನಗು ಏಳತೊಡಗಿತು.

"ಅಣ್ಣ, ನೀನು ಎಲ್ಲಾ ಪಟ್ಟಾದ ಮೇಲೆ ಹಾಕಬೇಡ," ಎಂದ, ನಾನು ಏನನ್ನೂ ಹಾಕುವ ಮೊದಲೇ. "ಪಟ್ಟಾ ಸದ್ದಿಲ್ಲದ ಮಂಗಳವಾರದ ರಜೆಯಲ್ಲೂ ಕುಡಿದಿದ್ದೀನಿ. ಖುಷಿಗೂ ಕುಡಿದಿದ್ದೀನಿ. ಆದ್ರೆ ಬೆಳಿಗ್ಗೆ ಆ ಸರ್ ಪಟ್ ಕೇಳಿದ್ರೆ ನನ್ನ ಬೆನ್ನು ಸೆಟೆದುಕೊಳ್ಳುತ್ತೆ. ನನಗೆ ನಲವತ್ಮೂರು ವರ್ಷ. ಬೆನ್ನಿಗೆ ಇನ್ನೂ ಎಂಟೇ."

ನಾನು ನಶ್ಯದ ಡಬ್ಬಿ ತೆಗೆದೆ. ಬೇರೇನೂ ತೋಚದಾಗ ನನ್ನ ಕೈ ಅಲ್ಲಿಗೇ ಹೋಗುತ್ತದೆ.

ಹೇಳಿಬಿಡುತ್ತೇನೆ. ಅಪ್ಪ ಅವನನ್ನು ಆ ಪಟ್ಟಾದಿಂದ ಹೊಡೆಯುತ್ತಿದ್ದ. ಸೋಪಿನ ಬಟ್ಟಲು ಚೆಲ್ಲಿದ್ದಕ್ಕೆ, ಗಿರಾಕಿಯ ಎದುರು ಸಿಳ್ಳೆ ಹಾಕಿದ್ದಕ್ಕೆ, ಹೆಚ್ಚಾಗಿ ನಕ್ಕಿದ್ದಕ್ಕೆ. ನಗು ತಡೆಯಲಾಗದ ಹುಡುಗ ಅವನು. ಏಟು ತಪ್ಪಿಸಿಕೊಳ್ಳಲು ನಿಂತಲ್ಲೇ ಗರಗರ ತಿರುಗುತ್ತಿದ್ದ. ಅದನ್ನು ನೋಡಿ ಅಪ್ಪನೇ ಬುಗುರಿ ಎಂದು ಹೆಸರಿಟ್ಟ. ಹೆಸರು ಚೆನ್ನಾಗಿದೆ ಎಂದು ಎಲ್ಲರೂ ಹಿಡಿದುಕೊಂಡರು. ಇಪ್ಪತ್ತೊಂದು ಏಟು, ಮಸೆಯುವ ಲೆಕ್ಕವೇ. ಮೊಳೆಯಿಂದ ಪಟ್ಟಾ ತೆಗೆದು ಅಪ್ಪನ ಕೈಗೆ ಕೊಡುವುದು ಮತ್ತು ಏಟು ಎಣಿಸುವುದು ನನ್ನ ಕೆಲಸ. ನಾನು ಹನ್ನೆರಡು ವರ್ಷದವನು.

ಇದನ್ನು ನಾವಿಬ್ಬರೂ ಮೂವತ್ತೈದು ವರ್ಷದಲ್ಲಿ ಒಂದು ಸಲವೂ ಬಾಯಲ್ಲಿ ಆಡಿರಲಿಲ್ಲ.

ಮೇಷ್ಟ್ರು, ಮೀಸೆಯನ್ನೂ ತೆಗೆದುಬಿಡು ಎಂದರು.

ಆ ಮೀಸೆಗೆ ಶಾಲೆಯ ಎರಡು ತಲೆಮಾರು ಹೆದರಿ ಮಗ್ಗಿ ಕಲಿತಿತ್ತು. ತಮ್ಮ, ಮನೆಯಲ್ಲಿ ಕೇಳಿ ಬಂದಿದ್ದೀರಾ ಎಂದು ವಿಚಾರಿಸಿದ. ನಿನ್ನ ಕೆಲಸ ನೀನು ಮಾಡು ಎಂದು ಮೇಷ್ಟ್ರು ಗದರಿದರು. ಎರಡು ಎಳೆತಕ್ಕೆ ಮೀಸೆ ಹೋಯಿತು. ಅದರ ಹಿಂದೆ ಅಡಗಿದ್ದ ಪುಟ್ಟ, ಸಾಧು ಬಾಯಿ ಕಾಣಿಸಿಕೊಂಡಿತು. ಇಂಥ ಬಾಯಿಗೆ ನಾವು ಅಷ್ಟು ವರ್ಷ ಹೆದರಿದ್ದೆವಲ್ಲ ಎಂದು ನನಗೆ ನಗು ಬಂತು. ನಶ್ಯ ಮೂಗಿಗೇರಿ ಸೀನೂ ಬಂತು. ಎರಡೂ ಸೇರಿ ನಾನು ಬೆಂಚಿನಿಂದ ಬೀಳುವ ಹಾಗಾದೆ. ತಮ್ಮ ಬ್ಲೇಡನ್ನು ಗಾಳಿಯಲ್ಲಿ ಎತ್ತಿ ಹಿಡಿದು, ನಾನು ಒಂಬತ್ತು ಸಲ ಸೀನುವವರೆಗೆ ಕಾದ.

ಆ ಪುಟ್ಟ ಬಾಯಿಂದಲೇ ಮೇಷ್ಟ್ರು ಒಂದು ಮಾತು ಹೇಳಿದರು. ಎರಡನೇ ಕ್ಲಾಸಿನಲ್ಲಿ ಇವನು ಬೆಂಚಿನ ಮೇಲೆ ಕೂರುತ್ತಲೇ ಇರಲಿಲ್ಲವಂತೆ. ತುಂಟತನವೆಂದು ತಿಳಿದು, ಹಾಗಿದ್ದರೆ ದಿನವೆಲ್ಲ ನಿಂತೇ ಇರು ಎಂದು ಶಿಕ್ಷೆ ಕೊಡುತ್ತಿದ್ದರಂತೆ.

"ಅದು ಶಿಕ್ಷೆ ಅಂತ ನಿಮಗೆ ಮಾತ್ರ ಗೊತ್ತಿತ್ತು ಮೇಷ್ಟ್ರೇ. ನಾನು ನಿಮ್ಮನ್ನ ದೇವರು ಅಂದುಕೊಂಡಿದ್ದೆ," ಎಂದ ತಮ್ಮ.

ಅವರು ಕಣ್ಣು ಮುಚ್ಚಿಕೊಂಡರು. ತಲೆ ಬೋಳಿಸು ಎಂದರು.

ಪೂರ್ತಿಯಾ ಎಂದ ಇವನು. ಪೂರ್ತಿ ಎಂದರು ಅವರು. ಒಂಬತ್ತೂ ಮೂವತ್ತೈದು. ತಮ್ಮ ಅವರ ತಲೆಗೆ ನೀರು ಹಚ್ಚಿ ತಿಕ್ಕತೊಡಗಿದ. ಕೂದಲು ಸೊಂಪಾಗಿಯೇ ಇತ್ತು, ಹದಿನೈದು ನಿಮಿಷದ ಕೆಲಸ. ಇನ್ನು ಮಾತಾಡುವ ಸರದಿ ನನ್ನದು ಎಂದು ಗೊತ್ತಾಯಿತು.

"ಪಟ್ಟಾ ತಂದುಕೊಡ್ತಿದ್ದವನು ನಾನು," ಎಂದೆ.

"ಗೊತ್ತಲ್ಲ. ನಾನೂ ಅಲ್ಲೇ ಇದ್ದೆ."

"ನಿಧಾನಕ್ಕೆ ನಡೆದು ತರ್ತಿದ್ದೆ. ಅಷ್ಟರಲ್ಲಿ ಅಪ್ಪನ ಕೋಪ ಇಳಿಯಲಿ ಅಂತ."

"ಅಯ್ಯೋ ಮಾರಾಯ, ಅದೇ ಅಲ್ವಾ ಕಷ್ಟ. ನೀನು ಮೆರವಣಿಗೆ ಥರ ಬರ್ತಿದ್ದೆ. ಬೇಗ ತಂದಿದ್ರೆ ಬೇಗ ಮುಗೀತಿತ್ತು."

ಆ ನಿಧಾನದ ಹೆಜ್ಜೆಯೊಂದೇ ನಾನು ಮಾಡಿದ ಪುಣ್ಯವೆಂದು ಜೀವನವಿಡೀ ನಂಬಿದ್ದೆ.

"ಎಣಿಸೋದ್ರಲ್ಲಿ ಮಾತ್ರ ನಿನಗೆ ಕೈ ಮುಗೀಬೇಕು," ಎಂದು ಅವನೇ ಮುಂದುವರಿಸಿದ. "ಹನ್ನೆರಡು ಆದಮೇಲೆ ಹದಿನೈದು ಅಂದುಬಿಡ್ತಿದ್ದೆ. ದಿನಾ ಎರಡು ಏಟು ಮಾಫಿ. ಅಪ್ಪನಿಗೆ ಕೊನೇವರೆಗೂ ಗೊತ್ತಾಗಲಿಲ್ಲ."

ಮೇಷ್ಟ್ರು ತಟ್ಟನೆ ಕಣ್ಣು ಬಿಟ್ಟು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ತಡಿ, ತಡಿ. ಆರನೇ ಕ್ಲಾಸಲ್ಲಿ ನೀನು ಹನ್ನೆರಡಾದ್ಮೇಲೆ ಹದಿನೈದು ಅಂತಿದ್ದದ್ದು ಅದಕ್ಕಾ? ನಾನು ನಿನ್ನನ್ನ ದಡ್ಡ ಅಂತ ರಿಜಿಸ್ಟರಲ್ಲಿ ಬರೆದಿದ್ದೀನಲ್ಲೋ."

ಮೊದಲು ನಕ್ಕವನು ತಮ್ಮ. ಅವನ ನಗು ಅಂದರೆ ಚಿಕ್ಕಂದಿನಲ್ಲಿ ಏಟು ತಿನ್ನಿಸುತ್ತಿದ್ದ ಅದೇ ನಗು, ತಳದಿಂದ ಎದ್ದು ಹೆಗಲು ಕುಣಿಸುವಂಥದ್ದು. ಆಮೇಲೆ ನಾನು. ಆಮೇಲೆ ಅರ್ಧ ಬೋಳು ತಲೆಯ ಮೇಷ್ಟ್ರು, ಬಟ್ಟೆ ಹೊದ್ದ ಹೊಟ್ಟೆ ಕುಲುಕಿಸುತ್ತ. ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬ ಎಲ್ಲ ನಡುಗುವಂತೆ ನಕ್ಕೆವು. ನಡುಗದಿದ್ದದ್ದು ಎರಡೇ, ಆ ಕುರ್ಚಿ ಮತ್ತು ತಮ್ಮನ ಬಲಗೈ. ಅಷ್ಟು ನಗುವಿನಲ್ಲೂ ಮೇಷ್ಟ್ರ ನೆತ್ತಿಯ ಮೇಲೆ ಒಂದು ಗೀರು ಬೀಳಲಿಲ್ಲ. ಹೊರಗೆ ಹೋಗುತ್ತಿದ್ದವನೊಬ್ಬ ಇಣುಕಿ, ಬುಗುರಿ ಇಷ್ಟು ಬೇಗ ಹೋಗಿ ಬಂದನಾ ಎಂದ. ಅವನಿಗೆ ಉಸಿರು ತಿರುಗಿಸಿಕೊಂಡು ಉತ್ತರ ಹೇಳುವಷ್ಟು ಶಕ್ತಿ ಯಾರಿಗೂ ಇರಲಿಲ್ಲ.

ನಗು ಇಳಿದ ಮೇಲೆ ನಾನು ಕೊನೆಯದನ್ನೂ ಕಕ್ಕಿದೆ. ಒಂದು ದಿನ ಏಟು ಜಾಸ್ತಿಯಾಗಿ ಇವನು ಅಳು ನಿಲ್ಲಿಸಲಿಲ್ಲ. ಅತ್ತರೆ ಅಪ್ಪ ಮತ್ತೆ ಎದ್ದು ಬರುತ್ತಿದ್ದ. ಅಪ್ಪನ ಬ್ರಾಂದಿ ಬಾಟಲಿಯಿಂದ ಒಂದು ಮುಚ್ಚಳದಷ್ಟು ತಂದು ಕುಡಿಸಿದೆ. ಇವನು ಕೆಮ್ಮಿ, ನನ್ನ ತೊಡೆಯ ಮೇಲೆ ನಿದ್ದೆಹೋದ. ಅದು ಕೆಲಸ ಮಾಡಿತೆಂದು ಮತ್ತೂ ಕೊಟ್ಟೆ, ಎಷ್ಟು ಸಲ ಎಂದು ನೆನಪಿಲ್ಲ. ಇಪ್ಪತ್ತು ವರ್ಷ ಅವನಿಗೆ ಕುಡುಕ ಎಂದವನು ಮೊದಲ ಗುಟುಕು ಕೊಟ್ಟವನೇ.

ತಮ್ಮ ಕೈ ನಿಲ್ಲಿಸಿ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಅದಕ್ಕೆ ನನಗೆ ಕೋಪ ಇಲ್ಲ. ಅವತ್ತು ನಿದ್ದೆ ಬಂತು. ಆ ವಯಸ್ಸಲ್ಲಿ ನನಗೆ ಯಾರೂ ಅಷ್ಟು ದೊಡ್ಡ ಉಪಕಾರ ಮಾಡಿರಲಿಲ್ಲ." ಮತ್ತೆ ಬ್ಲೇಡು ಎಳೆದ. "ನಿನ್ನ ಡಬ್ಬಿ ಶುರುವಾದದ್ದು ಯಾವಾಗ, ನೆನಪಿದೆಯಾ?"

ಯಾವ ಡಬ್ಬಿ ಎಂದೆ. ಕೈಯಲ್ಲೇ ಇತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅದನ್ನು ಬೆನ್ನ ಹಿಂದೆ ಸರಿಸಿದೆ. ಅದೇ ವರ್ಷ, ಹನ್ನೆರಡರಲ್ಲಿ. ಪಟ್ಟಾ ಕೊಟ್ಟು ಎಣಿಸಿ ಮುಗಿಸಿದ ಮೇಲೆ ಹಿತ್ತಲಿಗೆ ಹೋಗಿ ನಶ್ಯ ಏರಿಸುತ್ತಿದ್ದೆ. ಸೀನು ಬಂದರೆ ಕಣ್ಣಲ್ಲಿ ನೀರು ಬರುತ್ತಿತ್ತು, ಆ ನೀರು ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ನನಗೆ ಈ ಚಟ ಅಂಟಿದ್ದು ಶೀತದಿಂದ ಎಂದು ಹೆಂಡತಿಗೆ ಹೇಳಿಕೊಂಡು ಬಂದಿದ್ದೇನೆ.

ತಲೆ ಮುಗಿಯಿತು. ಒಂಬತ್ತೂ ಐವತ್ತು. ಮೇಷ್ಟ್ರು ಕನ್ನಡಿಯಲ್ಲಿ ತಮ್ಮನ್ನೇ ತಾವು ಹುಡುಕಿಕೊಂಡರು, ಸಿಗಲಿಲ್ಲ. ಕೊನೆಯ ಆಸೆಯಿಂದ ಕೈ ಎತ್ತಿ ಹುಬ್ಬು ತೋರಿಸಿದರು.

"ಬೇಡ ಮೇಷ್ಟ್ರೇ. ಹುಬ್ಬು ಹೋದ್ರೆ ನಿಮಗೆ ಆಶ್ಚರ್ಯ ಪಡೋಕೆ ಏನೂ ಉಳಿಯಲ್ಲ. ಮನೆಗೆ ಹೋದಮೇಲೆ ಬೇಕಾಗುತ್ತೆ."

ನಿಜಕ್ಕೂ ಬೇಕಾಯಿತು. ಅವರ ಹೆಂಡತಿ ಬಾಗಿಲು ತೆಗೆದು, ಮೇಷ್ಟ್ರು ಇಲ್ಲ, ಕ್ಷೌರಕ್ಕೆ ಹೋಗಿದ್ದಾರೆ, ಆಮೇಲೆ ಬನ್ನಿ ಎಂದು ಬಾಗಿಲು ಹಾಕಿಕೊಂಡರಂತೆ.

ಆದರೆ ಅದು ಆಮೇಲಿನ ಮಾತು. ಆಗ ಕತ್ತರಿಸಲು ಏನೂ ಉಳಿದಿರಲಿಲ್ಲ. ತಮ್ಮ ಪಟಿಕ ಉಜ್ಜಿದ, ಮುಖ ಒರೆಸಿದ, ಹೊದಿಸಿದ್ದ ಬಟ್ಟೆ ಬಿಚ್ಚಿ ಬಾಗಿಲಲ್ಲಿ ನಿಂತು ಕೊಡವಿದ. ನಲವತ್ತು ವರ್ಷದ ಮೀಸೆ ಗಾಳಿಗೆ ಹಾರಿತು. ಬ್ಯಾಗು ಎತ್ತಿಕೊಂಡ. ತನ್ನ ಕತ್ತರಿ, ಬಾಚಣಿಗೆ ಮಾತ್ರ ಜೇಬಿಗೆ ಹಾಕಿಕೊಂಡ. ನಾನು ಬೇಡ ಎನ್ನಬೇಕಿತ್ತು. ಇರು ಎನ್ನಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ಬೇಗ ನಡಿ. ಬಸ್ಸು ತಪ್ಪುತ್ತೆ."

ಅವನಿಗೆ ಅರ್ಥವಾಯಿತು. ನನ್ನ ಆ ಬಲಭುಜವನ್ನು ಒಂದು ಸಲ ಗಟ್ಟಿಯಾಗಿ ಹಿಸುಕಿ, ನೋವಿದೆಯಾ ಎಂದ. ಇದೆ ಎಂದೆ. ಹೋಗುತ್ತೆ ಬಿಡು ಎಂದು ಮೆಟ್ಟಿಲಿಳಿದ.

ಬಸ್ ಸ್ಟಾಪು ಬೀದಿಯ ತುದಿಯಲ್ಲಿ, ಬ್ರಾಂದಿ ಅಂಗಡಿ ಅದಕ್ಕೂ ಮೊದಲು. ನಾನು ಹೊಸ್ತಿಲಲ್ಲಿ ನಿಂತೆ. ಮೇಷ್ಟ್ರು ಬೋಳು ತಲೆಯಲ್ಲಿ ನನ್ನ ಪಕ್ಕ. ಗಂಟೆ ಹತ್ತಾಗುತ್ತಿತ್ತು, ಅವನ ಮಾಮೂಲಿ ಹೊತ್ತು. ಬ್ರಾಂದಿ ಅಂಗಡಿಯವನು ದೂರದಿಂದಲೇ ಅವನನ್ನು ಕಂಡು, ಅಭ್ಯಾಸಬಲದಿಂದ ಗ್ಲಾಸು ತೊಳೆದು ಕಟ್ಟೆಯ ಮೇಲಿಟ್ಟ. ನಾನು ತಮ್ಮನ ಹೆಜ್ಜೆ ಎಣಿಸತೊಡಗಿದೆ, ಬಾಯಿಬಿಟ್ಟು. ಒಂದು, ಎರಡು, ಮೂರು. ಮೇಷ್ಟ್ರೂ ದನಿಗೂಡಿಸಿದರು. ಹತ್ತರಲ್ಲಿ ಅವನು ಬ್ಯಾಗಿನ ಕೈ ಬದಲಿಸಿದ. ಹನ್ನೊಂದು. ಹನ್ನೆರಡರಲ್ಲಿ ಅಂಗಡಿಯ ನೆರಳಿಗೆ ಬಂದ.

"ಹದಿನೈದು," ಎಂದೆವು ಇಬ್ಬರೂ ಒಟ್ಟಿಗೆ.

ಅವನ ಹೆಗಲು ಕುಣಿಯುತ್ತಿತ್ತು. ನಗುತ್ತಿದ್ದ, ನಮ್ಮ ದನಿ ಅಲ್ಲಿವರೆಗೂ ಕೇಳಿರಬೇಕು. ಗ್ಲಾಸು ಕಟ್ಟೆಯ ಮೇಲೆಯೇ ಉಳಿಯಿತು. ನಾವು ಮೂವತ್ತು ದಾಟಿ, ಅರವತ್ತು ದಾಟಿ, ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಸಂಖ್ಯೆ ಹಾರಿಸಿ ಎಣಿಸಿದೆವು. ಬಸ್ಸು ಬಂತು. ಅವನು ತಿರುಗಿ ನೋಡದೆ ಹತ್ತಿದ. ಮತ್ತೆ ಬರಲಿಲ್ಲ.